ಮ್ಯಾಗ್ನೆಟೋವಿನ ಕಾಂತಕ್ಕೆ ಮರಳಿ ಬಲ ತುಂಬುವುದು

ಕೊಡಗಿಗೆ ರೈಲು ಬರಲಿಲ್ಲ. ಪಡುವಣ ಕಡಲ ತೀರದಲ್ಲಿ ತಲಚೇರಿಗೂ ಮಂಗಳೂರಿಗೂ, ಮೂಡಣ ಬಯಲಿನಲ್ಲಿ ಮೈಸೂರಿಗೂ ಬಂದ ಉಕ್ಕಿನ ಹಳಿಗಳು ಘಟ್ಟವನ್ನೇರಿ ಮಡಿಕೇರಿಯನ್ನು ಕಾಣಲಿಲ್ಲ, ಇಂದಿಗೂ ಕಂಡಿಲ್ಲ. ಹೀಗಿರುವುದರಿಂದ, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ನಾಡಿಗೆ ಬಂದ ಮೋಟಾರು ಗಾಡಿಯನ್ನು ಬರಿಯ ಸಿರಿವಂತರ ವಿನೋದವೆಂದು ಎಣಿಸಲಾಗದು. ಸಂಪಾಜೆಯ ಘಟ್ಟವನ್ನಿಳಿದು ಮಂಗಳೂರನ್ನು ಮುಟ್ಟಬೇಕಾದರೂ, ಪೆರುಂಬಾಡಿಯಿಂದ ಮಾಕುಟ್ಟದ ಕಾಡನ್ನು ದಾಟಿ ಮಲೆಯಾಳವನ್ನು ಸೇರಬೇಕಾದರೂ, ಎತ್ತಿನ ಗಾಡಿಯನ್ನು ಬಿಟ್ಟರೆ ಇದೇ ಗತಿಯಾಗಿತ್ತು. ಆ ಕಾಲದ ಗಾಡಿಗಳಲ್ಲಿ ಕೆಲವು ಇನ್ನೂ ಕಾಫಿ ತೋಟಗಳ ಶೆಡ್ಡುಗಳಲ್ಲಿ, ಮೆಣಸಿನ ಚೀಲಗಳ ಮಗ್ಗುಲಲ್ಲಿ, ತಗಡಿನ ಸೂರಿನ ಕೆಳಗೆ ನಿಂತಿವೆ. ಕೈಲ್‌ಪೊಳ್ದಿನ ದಿನ ಕೋವಿ ಕತ್ತಿಗಳೊಡನೆ ಅವಕ್ಕೂ ಹೂವು ಗಂಧಗಳು ಸಲ್ಲುತ್ತವೆ. ಆದರೆ ಹ್ಯಾಂಡ್ಲನ್ನು ತಿರುಗಿಸಿದರೆ ಯಂತ್ರವು ಮಾತನಾಡುವುದಿಲ್ಲ. ಏಕೆಂದು ಕೇಳಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: "ಮ್ಯಾಗ್ನೆಟ್ಟು ಸತ್ತುಹೋಗಿದೆ, ಸಾರ್."

ಈ ಮಾತಿನ ಹಿಂದೆಯೇ ಗುಜರಿಯವನ ತಕ್ಕಡಿ ಬರುತ್ತದೆ. ದಕ್ಷಿಣ ಕೊಡಗಿನಲ್ಲಿ ಕಾಫಿ ಬೆಳೆಗಾರರಾಗಿರುವ ನಮ್ಮ ಸ್ನೇಹಿತರೊಬ್ಬರು, ಅಜ್ಜನ ಕಾಲದ ಒಂದು ಗಾಡಿಯನ್ನು ಹೀಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುವುದರಲ್ಲಿದ್ದರು. ಅದು 1920ರ ಅನಂತರದ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದುದು. ಯಾವ ಕಾರ್ಖಾನೆಯದೆಂಬುದು ಪ್ರಕೃತಕ್ಕೆ ಬೇಕಿಲ್ಲ. ಗಾಡಿಯನ್ನು ನೋಡಿದ ಮೇಲೆ ನಾವು ಅವರಿಗೆ ಹೇಳಿದ ಮಾತನ್ನೇ ಈಗ ಶ್ರೋತೃಗಳ ಮುಂದೆ ಸ್ವಲ್ಪ ವಿಸ್ತರಿಸಿ ಇಡುತ್ತೇವೆ. ಉಕ್ಕಿನ ಕಾಂತವು ಸಾಯುವುದಿಲ್ಲ. ಅದು ಬಲಗುಂದುತ್ತದೆ, ಬಲಗುಂದುವುದಕ್ಕೆ ತಿಳಿಯಬಹುದಾದ ಕಾರಣಗಳುಂಟು, ಆ ಬಲವನ್ನು ಒಂದು ಕಾರಿನ ಬ್ಯಾಟರಿ, ಎರಡು ಕಬ್ಬಿಣದ ತುಂಡು, ಕೆಲವು ಕಿಲೋ ತಾಮ್ರದ ತಂತಿ, ಇಷ್ಟರಿಂದ ಮಡಿಕೇರಿಯಲ್ಲಿಯೋ ವಿರಾಜಪೇಟೆಯಲ್ಲಿಯೋ ಕುಳಿತು ಮರಳಿ ತುಂಬಬಹುದು. ಆದರೆ ಅದಕ್ಕೆ ಮೊದಲು, ಅಪರಾಧಿ ನಿಜವಾಗಿಯೂ ಕಾಂತವೇ ಹೌದೋ ಅಲ್ಲವೋ ಎಂದು ವಿಚಾರಣೆ ನಡೆಯಬೇಕು.

ಮ್ಯಾಗ್ನೆಟೋ ಎಂದರೇನೆಂಬುದನ್ನು ಮೊದಲು ಹೇಳಬೇಕು. ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು ಸಿಲಿಂಡರಿನಲ್ಲಿ ಒತ್ತಿಕೊಂಡಾಗ ಅದಕ್ಕೆ ಕಿಡಿ ತಾಗಿಸುವ ಯಂತ್ರವೇ ಇದು. ಇಂದಿನ ಕಾರುಗಳಲ್ಲಿ ಕಿಡಿಗೆ ಬೇಕಾದ ವಿದ್ಯುತ್ತು ಬ್ಯಾಟರಿಯಿಂದ ಬರುತ್ತದೆ. ಆದರೆ ಆ ಕಾಲದ ಬ್ಯಾಟರಿಗಳು ಭಾರವಾದುವು, ದುರ್ಬಲವಾದುವು. ಅವುಗಳಿಗೆ ಮರಳಿ ವಿದ್ಯುತ್ತನ್ನು ಊಡುವ ಅನುಕೂಲ ಕೊಡಗಿನಂತಹ ಕಡೆಗಳಲ್ಲಿ ದುರ್ಲಭ. ಮ್ಯಾಗ್ನೆಟೋವಿಗಾದರೋ ಬ್ಯಾಟರಿಯ ಹಂಗಿಲ್ಲ. ಕುದುರೆಯ ಲಾಳದಂತೆ ಬಾಗಿದ ಎರಡು ಮೂರು ಉಕ್ಕಿನ ಕಾಂತಗಳು; ಅವುಗಳ ಕಾಲುಗಳ ನಡುವೆ ತಂತಿ ಸುತ್ತಿದ ಒಂದು ಮೆದುಗಬ್ಬಿಣದ ಉರುಳೆ, ಅದರ ಹೆಸರು ಆರ್ಮೇಚರು. ಉರುಳೆ ತಿರುಗಿದಂತೆ, ಅದರ ಮೂಲಕ ಹಾಯುವ ಕಾಂತರೇಖೆಗಳು ಒಂದು ಸುತ್ತಿಗೆ ಎರಡು ಸಲ ದಿಕ್ಕು ಬದಲಿಸುತ್ತವೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ನಿಯಮದಂತೆ ತಂತಿಯಲ್ಲಿ ಪ್ರವಾಹವುಂಟಾಗುತ್ತದೆ. ಉರುಳೆಯ ಮೇಲೆ ಎರಡು ಸುತ್ತುಗಳಿರುತ್ತವೆ. ಒಂದು ದಪ್ಪ ತಂತಿಯ ಕೆಲವು ನೂರು ಸುತ್ತು, ಅದರ ಮೇಲೆ ಕೂದಲಿನಷ್ಟು ಸಣ್ಣ ತಂತಿಯ ಅನೇಕ ಸಾವಿರ ಸುತ್ತು. ದಪ್ಪ ತಂತಿಯ ಪ್ರವಾಹ ಶಿಖರಕ್ಕೇರಿದ ಕ್ಷಣದಲ್ಲಿ ಪ್ಲಾಟಿನಮ್ಮಿನ ಎರಡು ಮೊನೆಗಳು ಬೇರ್ಪಟ್ಟು ಅದನ್ನು ಥಟ್ಟನೆ ಕಡಿಯುತ್ತವೆ. ಆ ಆಘಾತದಿಂದ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡವೆದ್ದು, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಜರ್ಮನಿಯಲ್ಲಿ ಬಾಷ್ ಕಾರ್ಖಾನೆಯ ಗಾಟ್ಲಾಬ್ ಹೊನೋಲ್ಡ್ ಎಂಬ ಎಂಜಿನಿಯರು 1902ರಲ್ಲಿ ಈ ಏರ್ಪಾಟನ್ನು ಸಿದ್ಧಗೊಳಿಸಿದನು. ಹತ್ತು ಹನ್ನೆರಡು ವರ್ಷಗಳಲ್ಲಿ ಅದು ಎಷ್ಟು ಹರಡಿತೆಂದರೆ, 1914ರಲ್ಲಿ ಮಹಾಯುದ್ಧ ಮೊದಲಾದಾಗ ಬ್ರಿಟಿಷರಿಗೆ ತಮ್ಮ ಲಾರಿಗಳೂ ವಿಮಾನಗಳೂ ಶತ್ರುದೇಶದ ಮ್ಯಾಗ್ನೆಟೋವನ್ನು ನೆಚ್ಚಿಕೊಂಡಿರುವುದು ಹೊಳೆದು, ಅವಸರದಲ್ಲಿ ಸ್ವಂತ ಕಾರ್ಖಾನೆಗಳನ್ನು ಕಟ್ಟಬೇಕಾಯಿತು. ಪಿಸ್ಟನ್ನಿನ ಸಣ್ಣ ವಿಮಾನಗಳು ಇಂದಿಗೂ ಎರಡೆರಡು ಮ್ಯಾಗ್ನೆಟೋಗಳನ್ನು ಹೊತ್ತು ಹಾರುತ್ತವೆ. ಬ್ಯಾಟರಿ ಸತ್ತರೂ ಕಿಡಿ ಸಾಯಕೂಡದೆಂಬುದೇ ಕಾರಣ.

ಈಗ ಒಂದು ಸಂಗತಿಯನ್ನು ಗಮನಿಸಬೇಕು. ತಂತಿಯಲ್ಲಿ ಹುಟ್ಟುವ ಒತ್ತಡವು ಎರಡರ ಗುಣಾಕಾರ: ಕಾಂತದ ಬಲ ಒಂದು, ಉರುಳೆಯ ವೇಗ ಇನ್ನೊಂದು. ನಾಲ್ಕು ಸಿಲಿಂಡರಿನ ಯಂತ್ರದಲ್ಲಿ ಮ್ಯಾಗ್ನೆಟೋ ಯಂತ್ರದ ವೇಗದಲ್ಲಿಯೇ ತಿರುಗುತ್ತದೆ. ರಸ್ತೆಯಲ್ಲಿ ಓಡುವಾಗ ಅದು ಮಿನಿಟಿಗೆ 1200 ಸುತ್ತು ಸುತ್ತಿದರೆ, ಕೈಯಿಂದ ಹ್ಯಾಂಡ್ಲು ತಿರುಗಿಸುವಾಗ 100 ಸುತ್ತೂ ಆಗದು. ಕಾಂತದ ಬಲ ಅರ್ಧಕ್ಕಿಳಿದಿದ್ದರೂ ಓಟದಲ್ಲಿ ವೇಗವು ಆ ಕೊರತೆಯನ್ನು ಮುಚ್ಚಿಬಿಡುತ್ತದೆ, ಹೊರಡುವಾಗ ಮುಚ್ಚಲಾರದು. ಆದುದರಿಂದ ಬಲಗುಂದಿದ ಕಾಂತದ ಮೊದಲ ಲಕ್ಷಣವೇ ಇದು: ಗಾಡಿ ಹ್ಯಾಂಡ್ಲಿಗೆ ಹೊರಡುವುದಿಲ್ಲ, ಇಳಿಜಾರಿನಲ್ಲಿ ದೂಡಿದರೆ ಹೊರಡುತ್ತದೆ, ಹೊರಟ ಮೇಲೆ ಸುಖವಾಗಿ ಓಡುತ್ತದೆ. ಕೊಡಗಿನಲ್ಲಿ ಇಳಿಜಾರಿಗೇನು ಬರ! ಮನೆಗಳೆಲ್ಲ ಗುಡ್ಡದ ಮೇಲೆ. ನಮ್ಮ ಸ್ನೇಹಿತರ ಅಜ್ಜನವರು ಕೊನೆಯ ವರ್ಷಗಳಲ್ಲಿ ಗಾಡಿಯನ್ನು ಯಾವಾಗಲೂ ಮುಖ ಕೆಳಗೆ ಮಾಡಿ ನಿಲ್ಲಿಸುತ್ತಿದ್ದರಂತೆ, ಚಕ್ರಕ್ಕೆ ಕಲ್ಲು ಕೊಟ್ಟು. ಮನೆಯವರು ಅದನ್ನು ಮುದುಕರ ಹಟವೆಂದು ತಿಳಿದಿದ್ದರು. ಕಾಂತವು ಬಹಳ ಹಿಂದೆಯೇ ಬಲಗುಂದುತ್ತಿತ್ತೆಂಬುದಕ್ಕೆ ನಮಗೆ ದೊರೆತ ಮೊದಲ ಸಾಕ್ಷ್ಯ ಅದು.

ಸಾಕ್ಷ್ಯವೊಂದರಿಂದಲೇ ತೀರ್ಪು ಕೊಡಲಾಗದಷ್ಟೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೆ ಮೇಲ್ಪಟ್ಟು ಮಳೆ ಬೀಳುತ್ತದೆ. ಕಕ್ಕಡದ ತಿಂಗಳಲ್ಲಿ ಪುಸ್ತಕದ ರಟ್ಟಿಗೂ ಚಪ್ಪಲಿಗೂ ಬೂಷ್ಟು ಹಿಡಿಯುವ ಈ ನಾಡಿನಲ್ಲಿ, ಅರಗಿನ ಲೇಪದಿಂದಲೂ ರೇಷ್ಮೆ ಕಾಗದಗಳಿಂದಲೂ ಕಟ್ಟಿದ ಹಳೆಯ ಸುರುಳಿಗೆ ತೇವವು ಇಳಿಯದಿರುವುದೇ ಆಶ್ಚರ್ಯ. ತೇವ ಹಿಡಿದ ಸುರುಳಿಯಲ್ಲಿ ವಿದ್ಯುತ್ತು ಪ್ಲಗ್ಗಿನವರೆಗೆ ಹೋಗದೆ ಒಳಗೊಳಗೇ ಸೋರಿಹೋಗುತ್ತದೆ. ಇನ್ನು ಕಂಡೆನ್ಸರೆಂಬುದೊಂದಿದೆ, ಮೊನೆಗಳು ಬೇರ್ಪಡುವಾಗ ಅಲ್ಲಿ ಉರಿಯೇಳದಂತೆ ತಡೆಯುವುದು ಅದರ ಕೆಲಸ. ಅದು ಕೆಟ್ಟರೆ ಮೊನೆಗಳಲ್ಲಿ ಕಿಡಿ ಧಾರಾಳ, ಪ್ಲಗ್ಗಿನಲ್ಲಿ ದರಿದ್ರ. ಮೊನೆಗಳು ಕಿಲುಬಿರಬಹುದು, ಇಂಗಾಲದ ಕುಚ್ಚಿನ ಪುಡಿ ಕೂತು ದಾರಿ ತಪ್ಪಿಸಿರಬಹುದು. ಇವೆಲ್ಲವುಗಳ ಪಾಪವೂ ಕಾಂತದ ತಲೆಗೆ ಕಟ್ಟಲ್ಪಡುತ್ತದೆ. ನಮ್ಮ ಅನುಭವದಲ್ಲಿ, "ಸತ್ತ" ಕಾಂತವೆಂದು ತಂದ ಮ್ಯಾಗ್ನೆಟೋಗಳಲ್ಲಿ ಕೆಲವಕ್ಕೆ ಎರಡು ದಿನ ಹದವಾದ ಬಿಸಿಯಲ್ಲಿ ಒಣಗಿಸಿ, ಹೊಸ ಕಂಡೆನ್ಸರನ್ನು ಹಾಕಿದ ಮಾತ್ರಕ್ಕೆ ಜೀವ ಬಂದುದುಂಟು.

ನಿರ್ಣಯಿಸುವ ಬಗೆ ಕಷ್ಟವಲ್ಲ. ಮ್ಯಾಗ್ನೆಟೋವನ್ನು ಬಿಚ್ಚಿ ಮೇಜಿನ ಮೇಲಿಟ್ಟು ಅದರ ಕಂಬಿಯನ್ನು ಬೆರಳುಗಳಿಂದ ತಿರುಗಿಸಿರಿ. ಬಲವಾದ ಕಾಂತವಾದರೆ ಒಂದು ಸುತ್ತಿನಲ್ಲಿ ಎರಡು ಕಡೆ ಅದು ಕೈಯನ್ನು ಹಿಡಿದು ನಿಲ್ಲಿಸಿ, ಆಮೇಲೆ ತಾನೇ ಮುಂದಕ್ಕೆ ಚಿಮ್ಮುತ್ತದೆ. ಬಲಗುಂದಿದುದಾದರೆ ಬೆಣ್ಣೆಯಲ್ಲಿ ತಿರುಗಿದಂತೆ ಸಲೀಸು. ಎರಡನೆಯದಾಗಿ, ಆರ್ಮೇಚರನ್ನು ಹೊರಗೆ ತೆಗೆದು, ಅದರ ದಪ್ಪ ಸುತ್ತಿಗೆ ಒಂದು ಸಣ್ಣ ಬ್ಯಾಟರಿಯಿಂದ ಕ್ಷಣಕಾಲ ಪ್ರವಾಹವನ್ನು ಕೊಟ್ಟು ಕಡಿಯಬೇಕು. ಆಗ ಸಣ್ಣ ತಂತಿಯ ತುದಿಯಿಂದ ಐದಾರು ಮಿಲಿಮೀಟರು ಅಂತರವನ್ನು ಜಿಗಿಯುವ ನೀಲಿಯ ಕಿಡಿ ಬಂದರೆ ಸುರುಳಿಯೂ ಕಂಡೆನ್ಸರೂ ಸ್ವಸ್ಥವೆಂದು ತಿಳಿಯಬೇಕು. ಬ್ಯಾಟರಿಯಿಂದ ಒಳ್ಳೆಯ ಕಿಡಿ, ಕೈಯಿಂದ ತಿರುಗಿಸಿದರೆ ಬಡಕಲು ಕಿಡಿ: ಈ ಎರಡೂ ಕೂಡಿದರೆ ಮಾತ್ರ ಕಾಂತದ ಮೇಲೆ ಆರೋಪ ಹೊರಿಸಬಹುದು. ಸ್ನೇಹಿತರ ಗಾಡಿಯಲ್ಲಿ ಹಾಗೆಯೇ ಆಯಿತು.

ಉಕ್ಕು ತನ್ನ ಬಲವನ್ನು ಕಳೆದುಕೊಳ್ಳುವುದು ಹೇಗೆ? ಕಬ್ಬಿಣದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ವಠಾರಗಳುಂಟೆಂದೂ, ಒಂದೊಂದು ವಠಾರವೂ ತನ್ನಷ್ಟಕ್ಕೆ ಪೂರ್ಣವಾದ ಕಾಂತವೆಂದೂ 1907ರಲ್ಲಿ ಪಿಯೇರ್ ವೈಸ್ ಎಂಬ ಫ್ರೆಂಚ್ ವಿಜ್ಞಾನಿ ಊಹಿಸಿದನು. ಪುತ್ತರಿಯ ಕೋಲಾಟಕ್ಕೆ ಮಂದಿನಲ್ಲಿ ಜನ ಸೇರಿದಾಗ, ದುಡಿ ಮೊದಲಾಗುವ ತನಕ ಒಬ್ಬೊಬ್ಬರ ಮುಖ ಒಂದೊಂದು ಕಡೆಗಿರುತ್ತದೆ. ದುಡಿಯ ಸದ್ದೆದ್ದರೆ ಎಲ್ಲರ ಹೆಜ್ಜೆಯೂ ಒಂದೇ ಕಡೆಗೆ ತಿರುಗುತ್ತದೆ. ಹೊರಗಿನಿಂದ ಬಲವಾದ ಕಾಂತಕ್ಷೇತ್ರ ಬಂದಾಗ ಈ ವಠಾರಗಳೂ ಹೀಗೆಯೇ ಒಮ್ಮುಖವಾಗುತ್ತವೆ. ಮೆದುಗಬ್ಬಿಣವಾದರೆ ದುಡಿ ನಿಂತೊಡನೆ ಚದುರುತ್ತವೆ. ಗಟ್ಟಿಯುಕ್ಕಿನಲ್ಲಿ ನಿಂತ ಭಂಗಿಯಲ್ಲಿಯೇ ಉಳಿಯುತ್ತವೆ. ಇದು ಊಹೆಯಷ್ಟೇ ಆಗಿ ಉಳಿಯಲಿಲ್ಲ. 1919ರಲ್ಲಿ ಹೈನ್ರಿಕ್ ಬಾರ್ಕ್‌ಹೌಸೆನ್ ಎಂಬ ಜರ್ಮನ್ ಪ್ರಾಧ್ಯಾಪಕನು, ಕಬ್ಬಿಣದ ತುಂಡಿನ ಸುತ್ತ ತಂತಿಯ ಸುರುಳಿಯನ್ನಿಟ್ಟು, ಅದರ ಪ್ರವಾಹವನ್ನು ವರ್ಧಿಸಿ, ಕಾಂತವೊಂದನ್ನು ಮೆಲ್ಲಗೆ ಹತ್ತಿರ ತಂದಾಗ, ವಠಾರಗಳು ಒಂದೊಂದಾಗಿ ಮಗ್ಗುಲಾಗುವ ಸದ್ದನ್ನೇ ಕೇಳಿಸಿದನು. ಹುರಿಯುವ ಬಾಣಲೆಯಲ್ಲಿ ಸಾಸುವೆ ಸಿಡಿದಂತೆ ಆ ಸದ್ದು. ರೇಡಿಯೋವಿನ ಮುಂದೆ ಕುಳಿತ ತಮಗೆ ಅದನ್ನು ಕೇಳಿಸುವ ಆಸೆ ನಮಗಿತ್ತು. ಭಾಷಣದ ಹೊತ್ತು ಸಾಲದು.

ನಿಂತ ಭಂಗಿಯನ್ನು ಕೆಡಿಸುವ ಸಂಗತಿಗಳು ಹಲವು. ಪೆಟ್ಟು, ಅಲುಗಾಟ, ಶಾಖ. ಕಬ್ಬಿಣವನ್ನು 770 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರಂತೂ ಕಾಂತತ್ವವೇ ಲಯವಾಗುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಲಾಳಗಳನ್ನು "ಹದ" ಮಾಡಲು ಹೊರಟವರನ್ನು ನಾವು ತಡೆದಿದ್ದೇವೆ. ಕಾರ್ಖಾನೆಯವರು ಕೊಟ್ಟ ಗಡಸುತನ ಹೋದರೆ ಆಮೇಲೆ ಯಾವ ಪ್ರವಾಹವೂ ಅದನ್ನು ಹಿಡಿದಿಡಲಾರದು. ಆದರೆ ಎಲ್ಲಕ್ಕಿಂತ ದೊಡ್ಡ ಶತ್ರು ಒಂದುಂಟು, ಅದು ಮೆಕ್ಯಾನಿಕ್ಕಿನ ಅವಸರ. ಲಾಳದ ಎರಡು ಕಾಲುಗಳ ನಡುವೆ ಆರ್ಮೇಚರಿನ ಕಬ್ಬಿಣವಿರುವಷ್ಟು ಕಾಲ ಕಾಂತರೇಖೆಗಳಿಗೆ ಸುಗಮವಾದ ದಾರಿಯಿರುತ್ತದೆ. ಅದನ್ನು ಹೊರಗೆಳೆದ ಕೂಡಲೆ ದಾರಿ ಮುರಿದು, ಕಾಂತದ ಎರಡು ಧ್ರುವಗಳೂ ತಮ್ಮ ಉಕ್ಕಿನ ಮೈಯನ್ನೇ ತಿರುಗುಮುರುಗಾಗಿ ಎಳೆಯತೊಡಗುತ್ತವೆ. ಹಳೆಯ ಟಂಗ್‌ಸ್ಟನ್ ಉಕ್ಕಿನ ಅಥವಾ ಕ್ರೋಮಿಯಂ ಉಕ್ಕಿನ ಲಾಳಗಳು ಈ ಎಳೆತವನ್ನು ತಾಳಲಾರವು. ಬಲದಲ್ಲಿ ಗಣನೀಯವಾದ ಭಾಗವು ಆ ಕ್ಷಣದಲ್ಲಿಯೇ ನಷ್ಟವಾಗುತ್ತದೆ. ಎಷ್ಟು ವರ್ಷ ಮಳೆಯಲ್ಲಿ ನಿಂತರೂ ಆಗದ ಹಾನಿಯು, ಬೇರಿಂಗಿಗೆ ಎಣ್ಣೆ ಹಾಕಲು ಬಿಚ್ಚಿದ ಹತ್ತು ಮಿನಿಟಿನಲ್ಲಿ ಆಗುತ್ತದೆ.

ಇದಕ್ಕೆ ಪರಿಹಾರ ಒಂದು ಮೆದುಗಬ್ಬಿಣದ ಪಟ್ಟಿ. ಕೀಪರೆಂದು ಅದಕ್ಕೆ ಹೆಸರು. ಆರ್ಮೇಚರನ್ನು ತೆಗೆಯುವ ಮೊದಲೇ ಅದನ್ನು ಲಾಳದ ಮೇಲೆ, ಎರಡು ಧ್ರುವಗಳಿಗೂ ತಾಗುವಂತೆ ಕೂರಿಸಬೇಕು. ಮರಳಿ ಆರ್ಮೇಚರು ಒಳಗೆ ಕೂತ ಮೇಲೆಯೇ ಅದನ್ನು ತೆಗೆಯಬೇಕು. ತೆಗೆಯುವಾಗಲೂ ಕಿತ್ತೆಳೆಯಬಾರದು, ಜಾರಿಸಬೇಕು. ಶಾಲೆಯ ಪ್ರಯೋಗಶಾಲೆಯಲ್ಲಿ ಕಾಂತದ ಪೆಟ್ಟಿಗೆಯೊಳಗೆ ಕಬ್ಬಿಣದ ತುಂಡೊಂದನ್ನು ಕಂಡವರು ಅನೇಕರಿರಬಹುದು. ಅದೇಕೆ ಅಲ್ಲಿದೆಯೆಂದು ಹೇಳಿದ ಉಪಾಧ್ಯಾಯರು ಮಾತ್ರ ಕಡಿಮೆ.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡೋಣ. ಲಾಳಗಳನ್ನು ಬಿಚ್ಚುವ ಮುಂಚೆ ಪ್ರತಿಯೊಂದರ ಉತ್ತರ ಧ್ರುವಕ್ಕೂ ಬಣ್ಣದ ಗುರುತು ಹಾಕಬೇಕು. ದಿಕ್ಸೂಚಿಯೊಂದು ಬೇಕು, ಇಂದು ಜೇಬಿನ ಮೊಬೈಲಿನಲ್ಲಿಯೂ ದಿಕ್ಸೂಚಿ ಇರುತ್ತದೆಯಾದರೂ ಬಲವಾದ ಕಾಂತದ ಹತ್ತಿರ ತಂದರೆ ಅದಕ್ಕೆ ಬುದ್ಧಿಭ್ರಮಣೆಯಾಗುತ್ತದೆ, ಎರಡು ರೂಪಾಯಿಯ ಆಟದ ಸೂಜಿಯೇ ವಾಸಿ. ಎರಡು ಮೂರು ಲಾಳಗಳನ್ನು ಜೋಡಿಸಿದ ಮ್ಯಾಗ್ನೆಟೋವಿನಲ್ಲಿ ಒಂದು ತಿರುಗುಮುರುಗಾಗಿ ಕೂತರೆ ಅದು ತನ್ನ ಒಡಹುಟ್ಟಿದವುಗಳೊಡನೆಯೇ ಜಗಳವಾಡಿ ಎಲ್ಲರನ್ನೂ ಕೆಡಿಸುತ್ತದೆ.

ಬಲ ತುಂಬುವ ಯಂತ್ರ ಸರಳವಾದುದು. ಐದು ಸೆಂಟಿಮೀಟರು ದಪ್ಪ, ಹದಿನೈದು ಸೆಂಟಿಮೀಟರು ಎತ್ತರದ ಎರಡು ಮೆದುಗಬ್ಬಿಣದ ಕಂಬಗಳನ್ನು ದಪ್ಪನೆಯ ಕಬ್ಬಿಣದ ಹಲಗೆಯೊಂದಕ್ಕೆ ತಿರುಪಿನಿಂದ ಬಿಗಿದು ನಿಲ್ಲಿಸಬೇಕು. ಒಂದೊಂದು ಕಂಬಕ್ಕೂ ಎರಡು ಮಿಲಿಮೀಟರು ದಪ್ಪದ ಎನಾಮಲ್ ತಾಮ್ರದ ತಂತಿಯನ್ನು 300 ಸುತ್ತು ಸುತ್ತಬೇಕು. ಒಂದು ಕಂಬ ಉತ್ತರವೂ ಮತ್ತೊಂದು ದಕ್ಷಿಣವೂ ಆಗುವಂತೆ ಎರಡನ್ನೂ ಸಾಲಾಗಿ ಕೂಡಿಸಬೇಕು. ಇದಕ್ಕೆ 12 ವೋಲ್ಟಿನ ಕಾರಿನ ಬ್ಯಾಟರಿಯನ್ನು ಜೋಡಿಸಿದರೆ ಹದಿನೈದು ಆಂಪಿಯರು ಅಥವಾ ಅದಕ್ಕಿಂತ ತುಸು ಹೆಚ್ಚು ಪ್ರವಾಹ ಹರಿಯುತ್ತದೆ. ಆಂಪಿಯರುಗಳನ್ನು ಸುತ್ತುಗಳಿಂದ ಗುಣಿಸಿದರೆ ಒಂಬತ್ತು ಸಾವಿರ ಆಂಪಿಯರು-ಸುತ್ತು. ಹಳೆಯ ಲಾಳದ ಉಕ್ಕಿಗೆ ಇಷ್ಟು ಧಾರಾಳವಾಗಿ ಸಾಕು. ವಿದ್ಯುತ್ಪ್ರವಾಹವು ದಿಕ್ಸೂಚಿಯನ್ನು ತಿರುಗಿಸುವುದೆಂದು ಆರ್‌ಸ್ಟೆಡ್ 1820ರಲ್ಲಿ ತೋರಿಸಿದನು. ಕಬ್ಬಿಣಕ್ಕೆ ತಂತಿ ಸುತ್ತಿ ವಿದ್ಯುತ್ಕಾಂತವನ್ನು ಮಾಡುವುದನ್ನು ವಿಲಿಯಂ ಸ್ಟರ್ಜನ್ ಎಂಬುವನು ಐದಾರು ವರ್ಷಗಳೊಳಗೆ ಕಲಿಸಿದನು. ನಾವು ಕಟ್ಟಿದುದು ಅವನ ಯಂತ್ರದ ಮೊಮ್ಮಗನೇ ಸರಿ. ಕಬ್ಬಿಣವು ಗುಜರಿಯ ಅಂಗಡಿಯಿಂದ ಬಂದಿತು. ತಂತಿಯನ್ನು ಪಂಪಿನ ಮೋಟಾರುಗಳನ್ನು ರೀವೈಂಡು ಮಾಡುವ ಅಂಗಡಿಯಲ್ಲಿಯೇ ಸುತ್ತಿಸಿದೆವು. ಆ ಅಂಗಡಿಯ ಹುಡುಗನು ನಮ್ಮ ಉದ್ದೇಶವನ್ನು ಕೇಳಿ, "ಹಾಗಾದರೆ ಕಾಂತಕ್ಕೂ ರೀಚಾರ್ಜು ಇದೆಯೇ ಸಾರ್?" ಎಂದನು. ಇದೆ, ಆದರೆ ಮೊಬೈಲಿನದರಂತೆ ತಿಂಗಳಿಗೊಮ್ಮೆ ಬೇಡ.

ಲಾಳವನ್ನು ಯಂತ್ರದ ಮೇಲಿಡುವಾಗ ಲಾಳದ ಉತ್ತರ ಧ್ರುವವು ಯಂತ್ರದ ದಕ್ಷಿಣ ಧ್ರುವದ ಮೇಲೆಯೇ ಕೂರಬೇಕು. ವಿಜಾತೀಯ ಧ್ರುವಗಳು ಆಕರ್ಷಿಸುವುವೆಂಬ ಶಾಲೆಯ ಪಾಠವು ಇಲ್ಲಿ ದಾರಿ ತೋರಿಸುತ್ತದೆ: ಪ್ರವಾಹ ಕೊಟ್ಟಾಗ ಲಾಳವು ಕೈಯಿಂದ ಸೆಳೆದುಕೊಂಡು ಕೂತರೆ ಸರಿ, ನುಣುಚಿಕೊಂಡರೆ ತಿರುಗಿಸಬೇಕು. ತಪ್ಪಾಗಿ ಕೂರಿಸಿ ಪೂರ್ಣ ಪ್ರವಾಹವನ್ನು ಕೊಟ್ಟರೆ ಇದ್ದ ಬಲವೂ ಹೋಗಿ ಧ್ರುವಗಳೇ ಅದಲುಬದಲಾಗುವುವು. ಸರಿಯಾಗಿ ಕೂತ ಮೇಲೆ ಎರಡು ಮೂರು ಸೆಕೆಂಡು ಪ್ರವಾಹವನ್ನು ಬಿಟ್ಟು, ಆ ಹೊತ್ತಿನಲ್ಲಿ ಲಾಳದ ಬೆನ್ನನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಬೇಕು. ಅಲುಗಾಟವು ಕಾಂತದ ಶತ್ರುವೆಂದು ಈಗಷ್ಟೆ ಹೇಳಿದವರು ತಟ್ಟಿರೆನ್ನುವುದೇಕೆಂದು ಕೇಳಬಹುದು. ಹೊರಗಿನ ಕ್ಷೇತ್ರ ಪ್ರಬಲವಾಗಿರುವಾಗ ತಟ್ಟಿದರೆ ಹಟ ಹಿಡಿದ ವಠಾರಗಳೂ ಸಾಲಿಗೆ ಸೇರುತ್ತವೆ. ಕ್ಷೇತ್ರವಿಲ್ಲದಾಗ ತಟ್ಟಿದರೆ ಸೇರಿದುವೂ ಚದುರುತ್ತವೆ. ಪ್ರವಾಹವನ್ನು ನಿಲ್ಲಿಸಿ, ಮತ್ತೆ ಕೊಟ್ಟು, ಹೀಗೆ ನಾಲ್ಕಾರು ಸಲ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ತಂತಿ ಕಾಯುವುದೇ ಹೊರತು ಲಾಭವಿಲ್ಲ. ತುಂಬಿದ ಕೊಡಕ್ಕೆ ನೀರು ಸುರಿದಂತೆ. ಕೊನೆಗೆ ಯಂತ್ರದಿಂದ ಎತ್ತುವ ಮುನ್ನವೇ ಕೀಪರನ್ನು ಲಾಳದ ಕಾಲುಗಳಿಗೆ ತಾಗಿಸಿ, ಎರಡನ್ನೂ ಒಟ್ಟಿಗೆ ಜಾರಿಸಿ ತೆಗೆಯಬೇಕು.

ಇಲ್ಲಿ ಅಪಾಯಗಳೂ ಉಂಟು. ಇಷ್ಟು ಸುತ್ತಿನ ಸುರುಳಿಯಲ್ಲಿ ಪ್ರವಾಹವನ್ನು ಕಡಿದಾಗ, ಮ್ಯಾಗ್ನೆಟೋವಿನಲ್ಲಿ ಯಾವ ನ್ಯಾಯದಿಂದ ಕಿಡಿ ಹುಟ್ಟುವುದೋ ಅದೇ ನ್ಯಾಯದಿಂದ ಸ್ವಿಚ್ಚಿನಲ್ಲಿ ದೊಡ್ಡ ಕಿಡಿ ಏಳುತ್ತದೆ. ಬರಿಗೈಯಿಂದ ತಂತಿ ಹಿಡಿದು ಕಡಿದವನಿಗೆ ತಕ್ಕ ಶಾಸ್ತಿಯಾಗುವುದು. ಬ್ಯಾಟರಿಯ ಬಾಯಲ್ಲಿ ಉರಿಯುವ ಅನಿಲವೂ ಇರುವುದರಿಂದ ಸ್ವಿಚ್ಚನ್ನು ಅದರಿಂದ ಮೂರು ನಾಲ್ಕು ಅಡಿ ದೂರದಲ್ಲಿಡಬೇಕು. ಸುರುಳಿಯ ಎರಡು ತುದಿಗಳಿಗೂ ಅಡ್ಡಲಾಗಿ ಕಾರಿನ ಬಲ್ಬೊಂದನ್ನು ಕಟ್ಟಿದರೆ ಆ ಹೊಡೆತವು ಬಹಳಮಟ್ಟಿಗೆ ಅದರಲ್ಲಿ ಇಂಗಿಹೋಗುತ್ತದೆ. ಕೈಗಡಿಯಾರವನ್ನು ಬಿಚ್ಚಿಡುವುದೂ ಲೇಸು.

ಫೋರ್ಡ್ ಗಾಡಿಯ ಮಾತನ್ನು ಎತ್ತದೆ ಮುಂದೆ ಹೋದರೆ ಕೇಳುವವರಿಗೆ ಅಸಮಾಧಾನವಾದೀತು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಟಿ ಮಾದರಿಯ ಫೋರ್ಡಿನಲ್ಲಿ ಬೇರೆಯ ಏರ್ಪಾಟು. ಅದರ ಫ್ಲೈವೀಲಿಗೇ ಇಂಗ್ಲಿಷಿನ ವಿ ಅಕ್ಷರದಂತಹ 16 ಕಾಂತಗಳನ್ನು ಬಿಗಿದಿದ್ದಾರೆ. ಎದುರಿಗೆ ಕದಲದ ಬಳೆಯೊಂದರ ಮೇಲೆ 16 ಸುರುಳಿಗಳು. ಎರಡರ ನಡುವಿನ ಸಂದು ಒಂದು ಮಿಲಿಮೀಟರಿಗೂ ಕಡಿಮೆ. ಇದರಿಂದ ಹುಟ್ಟುವ ಮೆದು ಪ್ರವಾಹವು ಮರದ ಪೆಟ್ಟಿಗೆಗಳಲ್ಲಿರುವ ನಾಲ್ಕು ನಡುಗುವ ಸುರುಳಿಗಳಿಗೆ ಹೋಗಿ ಅಲ್ಲಿ ಕಿಡಿಯಾಗುತ್ತದೆ. ಈ ಗಾಡಿಯ ಕಾಂತಗಳು ಕೆಡುವುದಕ್ಕೆ ಬಹುಮಟ್ಟಿಗೆ ಮನುಷ್ಯನ ಉಪಕಾರಬುದ್ಧಿಯೇ ಕಾರಣ. ಹೊರಡಲು ಸುಲಭವಾಗಲೆಂದು ಯಾರೋ ಬ್ಯಾಟರಿಯೊಂದನ್ನು ತಂದು, ಮ್ಯಾಗ್ನೆಟೋವಿನ ಕಂಬಕ್ಕೇ ತಂತಿ ಕೊಡುತ್ತಾರೆ. ಆಗ ಆ 16 ಸುರುಳಿಗಳೂ ವಿದ್ಯುತ್ಕಾಂತಗಳಾಗಿ, ಎದುರಿಗೆ ಸುಳಿಯುವ ಕಾಂತಗಳ ಬಲವನ್ನು ಕೆಲವೇ ಕ್ಷಣಗಳಲ್ಲಿ ಹೀರಿಬಿಡುತ್ತವೆ. ಇದೇ ದೋಷವನ್ನು ಗುಣವಾಗಿ ತಿರುಗಿಸಿ, ಯಂತ್ರವನ್ನು ಬಿಚ್ಚದೆಯೇ ಬಲ ತುಂಬುವ ಉಪಾಯವೂ ಹಳೆಯ ಮೆಕ್ಯಾನಿಕ್ಕುಗಳಿಗೆ ತಿಳಿದಿತ್ತು. ದಿಕ್ಸೂಚಿಯ ಸಹಾಯದಿಂದ ಫ್ಲೈವೀಲನ್ನು ತಿರುಗಿಸಿ, ಕಾಂತದ ಒಂದೊಂದು ಧ್ರುವವೂ ತನಗೆ ವಿಜಾತೀಯವಾದ ಸುರುಳಿಯ ಎದುರಿಗೆ ಬರುವಂತೆ ನಿಲ್ಲಿಸಿ, ಹಲವು ಬ್ಯಾಟರಿಗಳನ್ನು ಸಾಲಾಗಿ ಕೂಡಿಸಿ ನೂರು ಆಂಪಿಯರನ್ನು ಮೀರುವ ಪ್ರವಾಹವನ್ನು ಕಣ್ಣುಮುಚ್ಚಿ ತೆರೆಯುವಷ್ಟು ಕಾಲ ಕೊಡುವುದು. ಯಂತ್ರವನ್ನೆಲ್ಲ ಇಳಿಸುವ ಶ್ರಮ ಉಳಿಯುತ್ತದೆ ನಿಜ. ಆದರೆ ಒಂದೊಂದಾಗಿ ಹೊರಗೆ ತೆಗೆದು ತುಂಬಿದ ಕಾಂತದ ಸಮಾನತೆ ಇದಕ್ಕೆ ಬಾರದೆಂದು ನಮ್ಮ ಅಭಿಪ್ರಾಯ.

ತುಂಬಿದ ಬಲವನ್ನು ಅಳೆಯುವುದಕ್ಕೆ ಮೀನಿನ ಅಂಗಡಿಯ ಸ್ಪ್ರಿಂಗು ತಕ್ಕಡಿ ಸಾಕು. ಕೀಪರಿಗೆ ಕೊಂಡಿಯೊಂದನ್ನು ಬೆಸೆದು, ಲಾಳದಿಂದ ಅದು ಬಿಟ್ಟುಬರುವುದಕ್ಕೆ ಎಷ್ಟು ಎಳೆಯಬೇಕೆಂದು ಬಲ ತುಂಬುವ ಮೊದಲೂ ಆಮೇಲೂ ನೋಡಬೇಕು. ಲೆಕ್ಕದಲ್ಲಿ ಒಂದು ಸೂಕ್ಷ್ಮವುಂಟು. ಎಳೆತವು ಕಾಂತರೇಖೆಗಳ ವರ್ಗವನ್ನು ಅನುಸರಿಸುವುದರಿಂದ, ಎಳೆತ ನಾಲ್ಕು ಪಟ್ಟಾದರೆ ಕಿಡಿಗೆ ಒದಗುವ ಕಾಂತಬಲ ಎರಡು ಪಟ್ಟಾಯಿತೆಂದು ತಿಳಿಯಬೇಕೇ ಹೊರತು ನಾಲ್ಕು ಪಟ್ಟೆಂದು ಹಿಗ್ಗಬಾರದು. ಹೊಸದಾಗಿ ತುಂಬಿದ ಬಲದಲ್ಲಿ ಸ್ವಲ್ಪ ಭಾಗವು ಮೊದಲ ಕೆಲವು ದಿನಗಳಲ್ಲಿಯೇ ಇಳಿಯುವುದೂ ಸಹಜ. ಹಿಂದಿನ ಕಾರ್ಖಾನೆಗಳವರು ಕಾಂತಗಳನ್ನು ಕುದಿಯುವ ನೀರಿನ ಶಾಖದಲ್ಲಿಟ್ಟು ಈ ಇಳಿತವನ್ನು ಮುಂಚೆಯೇ ಮುಗಿಸಿಬಿಡುತ್ತಿದ್ದರು.

ಸ್ನೇಹಿತರ ಗಾಡಿಯ ಲಾಳಗಳು ಮರಳಿ ಕೂತವು. ಮೊನೆಗಳ ನಡುವೆ 0.3 ಮಿಲಿಮೀಟರಿನ ಸಂದು ಕೊಟ್ಟು, ಕಂಡೆನ್ಸರನ್ನು ಬದಲಿಸಿ, ಕಾಲದ ಗುರುತನ್ನು ಸರಿಹೊಂದಿಸಿದೆವು. ಕಾಫಿ ಒಣಗಿಸುವ ಕಣದ ಸಮತಟ್ಟಿನಲ್ಲಿ, ಇಳಿಜಾರಿನ ಸಹಾಯವಿಲ್ಲದೆ, ತೋಟದ ರೈಟರು ಹ್ಯಾಂಡ್ಲನ್ನು ಹಿಡಿದರು. ಮೂರನೆಯ ಎಳೆತಕ್ಕೆ ಯಂತ್ರ ಹೊರಟಿತು. ಸ್ನೇಹಿತರ ತಾಯಿಯವರು ಜಗಲಿಯಿಂದ, "ಆ ಸದ್ದು ಅದೇ" ಎಂದರು. ಗುಜರಿಯವನಿಗೆ ಅಡ್ವಾನ್ಸನ್ನು ಹಿಂದಿರುಗಿಸಲಾಯಿತು.

ಗಾಡಿ ಹೊರಟಿತೆಂಬ ಸಂತೋಷಕ್ಕಿಂತಲೂ ಮುಖ್ಯವಾದ ಒಂದು ಪ್ರಶ್ನೆ ಇಲ್ಲಿದೆ. ಮ್ಯಾಗ್ನೆಟೋವನ್ನು ಕಿತ್ತೊಗೆದು ಬ್ಯಾಟರಿಯ ಸುರುಳಿಯನ್ನು ಹಾಕಿದರೆ ಆಗದೆ? ಆಗುತ್ತದೆ; ಅನೇಕರು ಮಾಡಿದ್ದಾರೆ. 2021ರಲ್ಲಿ ಕೇಂದ್ರ ಸರ್ಕಾರದವರು ಮೋಟಾರು ನಿಯಮಗಳನ್ನು ತಿದ್ದಿ, 50 ವರ್ಷ ಮೀರಿದ ಗಾಡಿಗಳಿಗೆ ವಿ ಎ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿದರು. ಗಾಡಿಯು ಮೂಲರೂಪದಲ್ಲಿರಬೇಕು, ಯಂತ್ರದಲ್ಲಿ ದೊಡ್ಡ ಬದಲಾವಣೆಯಾಗಿರಬಾರದು ಎಂಬುದು ಅದರ ನಿಬಂಧನೆ. ನಿಯಮದ ಮಾತು ಹಾಗಿರಲಿ. ಕಿತ್ತೊಗೆದ ಮ್ಯಾಗ್ನೆಟೋವಿನೊಡನೆ ಅದನ್ನು ಸರಿಪಡಿಸಬಲ್ಲ ಕೈಯೂ ಹೋಗುತ್ತದೆ. ಹಿಂದೆ ಮೈಸೂರಿನಲ್ಲಿಯೂ ಮಂಗಳೂರಿನಲ್ಲಿಯೂ ಈ ಕೆಲಸವನ್ನು ಬಲ್ಲ ಮುದುಕರಿದ್ದರು. ಅವರ ಮಕ್ಕಳು ಇಂದು ಕಂಪ್ಯೂಟರನ್ನು ಜೋಡಿಸಿ ದೋಷವನ್ನು ಓದುತ್ತಾರೆ, ಅದೂ ವಿದ್ಯೆಯೇ. ಆದರೆ ಧರ್ಮಸ್ಥಳದ ಕಾರು ಸಂಗ್ರಹಾಲಯದಂತಹ ಕಡೆ ಸಾಲಾಗಿ ನಿಂತ ಹಳೆಯ ಗಾಡಿಗಳನ್ನು ಕಂಡಾಗಲೆಲ್ಲ, ನಾವು ಮೊದಲು ಇಣುಕಿ ನೋಡುವುದು ಬಾನೆಟ್ಟಿನ ಕೆಳಗೆ ಆ ಲಾಳಗಳಿವೆಯೇ ಎಂಬುದನ್ನು.

ಎಲ್ಲ ಕಾಂತಗಳಿಗೂ ಇದೇ ಮದ್ದೆಂದು ಯಾರೂ ತಿಳಿಯಬಾರದು. 1917ರಲ್ಲಿ ಜಪಾನಿನ ಕೋತಾರೋ ಹೋಂಡಾ ಎಂಬ ವಿಜ್ಞಾನಿಯು ಕೋಬಾಲ್ಟನ್ನು ಬೆರೆಸಿ ಹೆಚ್ಚು ಹಟದ ಉಕ್ಕನ್ನು ಮಾಡಿದನು. 1931ರಲ್ಲಿ ಅದೇ ದೇಶದ ಮಿಶಿಮಾ ಎಂಬುವನು ಅಲ್ಯುಮಿನಿಯಂ ನಿಕಲ್‌ಗಳ ಮಿಶ್ರಲೋಹದಿಂದ ಅದನ್ನೂ ಮೀರಿಸಿದನು. ಅಲ್ನಿಕೋ ಎಂಬ ಹೆಸರಿನಿಂದ ಲೋಕದಲ್ಲಿ ಹರಡಿದ ಕಾಂತಗಳು ಈ ವಂಶದವು. ಇವುಗಳಿಗೆ ಬಲ ತುಂಬಲು ನಾವು ಹೇಳಿದ ಯಂತ್ರ ಸಾಲದು, ಹಲವು ಪಟ್ಟು ಪ್ರಬಲವಾದುದು ಬೇಕು. ಉದ್ದನೆಯ ಲಾಳ ಕಂಡರೆ ಹಳೆಯ ಉಕ್ಕು, ಗಿಡ್ಡನೆಯ ದಪ್ಪ ತುಂಡು ಕಂಡರೆ ಅಲ್ನಿಕೋ ಎಂದು ಸ್ಥೂಲವಾಗಿ ಗುರುತಿಸಬಹುದು. ನಿಯೋಡೈಮಿಯಂ ಎಂಬ ಇತ್ತೀಚಿನ ಪ್ರಚಂಡ ಕಾಂತಗಳಿಂದ ಲಾಳವನ್ನು ಉಜ್ಜಿ ಬಲ ತುಂಬುವವರೂ ಇದ್ದಾರೆ. ತೆಳ್ಳಗಿನ ಉಕ್ಕಿಗೆ ಅದು ಸ್ವಲ್ಪ ಮಟ್ಟಿಗೆ ಫಲಿಸುವುದುಂಟು. ದಪ್ಪ ಲಾಳಕ್ಕೆ ಮೇಲುಮೇಲಿನ ಉಪಚಾರವೆಂದೇ ನಮಗೆ ತೋರುತ್ತದೆ.

ಇನ್ನು, ಮ್ಯಾಗ್ನೆಟೋ ಹಳೆಯ ಕಾರುಗಳೊಡನೆ ತೀರಿಹೋಯಿತೆಂದು ಕಾಫಿ ಬೆಳೆಗಾರರು ಭಾವಿಸಬೇಕಾಗಿಲ್ಲ. ತೋಟದಲ್ಲಿ ಕಳೆ ಕೊಚ್ಚುವ ಯಂತ್ರ, ನೆರಳಿನ ಮರದ ಕೊಂಬೆ ಕೊಯ್ಯುವ ಗರಗಸ, ಪೆಟ್ರೋಲಿನ ಮದ್ದು ಸಿಂಪಡಿಸುವ ಪಂಪು, ಇವೆಲ್ಲವೂ ಬ್ಯಾಟರಿಯಿಲ್ಲದೆ ಹಗ್ಗದ ಎಳೆತಕ್ಕೆ ಹೊರಡುವುದು ಫ್ಲೈವೀಲಿನಲ್ಲಿ ಹುದುಗಿದ ಪುಟ್ಟ ಕಾಂತದಿಂದಲೇ. ಅಲ್ಲಿ ಕಿಡಿ ನಿಂತರೆ ಕಾಂತವನ್ನು ಶಂಕಿಸುವುದು ವ್ಯರ್ಥ, ಅದು ಸಾಮಾನ್ಯವಾಗಿ ಬಲಗುಂದುವ ಜಾತಿಯದಲ್ಲ. ಪ್ಲಗ್ಗನ್ನೂ, ಸುರುಳಿಯ ಸಂದಿನಲ್ಲಿ ಹಿಡಿದ ತುಕ್ಕನ್ನೂ ನೋಡಬೇಕು. ಹಳೆಯ ಗಾಡಿಯುಳ್ಳವರು ಮಾತ್ರ ಶೆಡ್ಡಿನ ಮೊಳೆಗೆ ಒಂದು ಮೆದುಗಬ್ಬಿಣದ ಪಟ್ಟಿಯನ್ನು ನೇತುಹಾಕಿ, ಅದರ ಜೊತೆಗೆ ಒಂದು ಚೀಟಿಯನ್ನು ಕಟ್ಟಿಡಲಿ: ಬಲ ತುಂಬಿದ ತಾರೀಖು, ತಕ್ಕಡಿ ತೋರಿಸಿದ ತೂಕ, ಉತ್ತರ ಧ್ರುವದ ಬಣ್ಣ.